ಕೂರಿಗೆಗೆ ಇಟ್ಟ ಕಣ್ಣು

ನನ್ನ ಚಿಗವ್ವನ ಕೈಗೆ ಒಂದು ಹೆಸರಿತ್ತು. ಆ ಹೆಸರನ್ನು ಕೆಡಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ರೇಡಿಯೋ, ಟ್ರ್ಯಾಕ್ಟರು, ತಂತಿ, ಬಲ್ಬು ಎಂದು ಬೇರೆ ಮಾತುಗಳ ಹಿಂದೆ ಅಡಗಿಕೊಳ್ಳುತ್ತೇನೆ. ಅಡಗಿಕೊಳ್ಳುವುದು ನನಗೆ ಬಹಳ ವರ್ಷಗಳ ರೂಢಿ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಲ್ಲಿ ಅವಳ ಮನೆ. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗಲೇ ಅವಳ ಗಂಡ ತೀರಿಹೋಗಿದ್ದ. ಅವಳದೇ ಆದ ಹೊಲ ಇರಲಿಲ್ಲ. ಆದರೆ ಮಿರಗದ, ಅಂದರೆ ಮೃಗಶಿರದ, ಮಳೆ ಬಿದ್ದು ಮಣ್ಣು ಹದಕ್ಕೆ ಬಂತೆಂದರೆ ಊರಿನ ದೊಡ್ಡ ಮನೆಗಳವರು ಅವಳ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ನಮ್ಮ ಕಡೆ ಕೂರಿಗೆಯ ಹಿಂದೆ ಹೆಂಗಸರು ನಡೆಯುತ್ತಾರೆ. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಕೂರಿಗೆಯ ಮೇಲಿನ ಕಟ್ಟಿಗೆಯ ಬಟ್ಟಲಿಗೆ ಹಿಡಿಹಿಡಿಯಾಗಿ ಕಾಳು ಬಿಡುತ್ತಾರೆ. ಕಾಳು ಬಟ್ಟಲಿನ ತೂತಿನಿಂದ ಬಿದಿರಿನ ಕೊಳವೆಗೆ ಇಳಿದು ಮಣ್ಣು ಸೇರುತ್ತದೆ. ಹಿಡಿ ಸಡಿಲವಾದರೆ ಸಸಿ ಒತ್ತೊತ್ತಾಗಿ ಹುಟ್ಟುತ್ತದೆ, ಬಿಗಿಯಾದರೆ ಸಾಲು ಹರಿದು ನಡುನಡುವೆ ಬೋಳಾಗುತ್ತದೆ. ಚಿಗವ್ವ ಎತ್ತುಗಳ ಹೆಜ್ಜೆ ನೋಡುತ್ತಿರಲಿಲ್ಲ, ಬಟ್ಟಲನ್ನೂ ನೋಡುತ್ತಿರಲಿಲ್ಲ. ಎಡಗೈಯನ್ನು ಕೊಳವೆಯ ಮೇಲೆ ಇಟ್ಟುಕೊಂಡು ಬಲಗೈಯಿಂದ ಬಿಡುತ್ತಾ ಹೋಗುತ್ತಿದ್ದಳು. ಕಾಳು ಇಳಿಯುವುದು ಅಂಗೈಗೆ ತಿಳಿಯುತ್ತದೆ ಎನ್ನುತ್ತಿದ್ದಳು. ವಾರದ ನಂತರ ಆ ಹೊಲ ನೋಡಿದರೆ ಸ್ಲೇಟಿನ ಮೇಲೆ ಗೆರೆ ಎಳೆದ ಹಾಗೆ ಸಸಿ ನಿಂತಿರುತ್ತಿದ್ದವು.

ಇನ್ನೊಂದು ಸಂಗತಿ. ಬಿತ್ತನೆಯ ದಿನ ಕೂರಿಗೆಗೆ ಪೂಜೆ ಮಾಡಿ ಮೊದಲ ಹಿಡಿ ಬಿಡುವುದು ಮುತ್ತೈದೆಯರ ಹಕ್ಕು. ಗಂಡ ಸತ್ತವಳನ್ನು ಆ ಹೊತ್ತಿಗೆ ಯಾರೂ ಮುಂದೆ ಕರೆಯುತ್ತಿರಲಿಲ್ಲ. ಚಿಗವ್ವನನ್ನು ಕರೆಯುತ್ತಿದ್ದರು. ನಮ್ಮ ಊರ ಸಾಹುಕಾರರ ತಾಯಿ, ಹಿರಿಯ ಅವ್ವನವರು, ಒಂದು ವರ್ಷ ಅವಳ ಕೈಯಿಂದ ಮೊದಲ ಹಿಡಿ ಹಾಕಿಸಿದ್ದರು. ಆ ವರ್ಷ ತೊಗರಿ ಬಂದ ರೀತಿ ನೋಡಿ ಉಳಿದವರೂ ಬಾಯಿ ಮುಚ್ಚಿಕೊಂಡರು. ಅಂದಿನಿಂದ ಊರಿನಲ್ಲಿ ಮೊದಲ ಹಿಡಿ ಅವಳದೇ. ಮದುವೆ, ಸೀಮಂತ, ಅರಿಶಿನ ಕುಂಕುಮ, ಎಲ್ಲ ಕಡೆಯೂ ಬಾಗಿಲ ಆಚೆ ನಿಲ್ಲುತ್ತಿದ್ದ ಹೆಂಗಸು ವರ್ಷಕ್ಕೊಂದು ಸಲ, ಬಿತ್ತನೆಯ ಬೆಳಿಗ್ಗೆ, ಎಲ್ಲರ ಮುಂದೆ ನಿಲ್ಲುತ್ತಿದ್ದಳು. ಆ ದಿನಕ್ಕಾಗಿ ಒಂದು ಹಸಿರು ಇಳಕಲ್ ಸೀರೆಯನ್ನು ಪೆಟ್ಟಿಗೆಯಲ್ಲಿ ಮಡಿಚಿ ಇಟ್ಟಿದ್ದಳು.

ನಾನು ಆಳಂದದಲ್ಲಿ ಹೈಸ್ಕೂಲು ಮುಗಿಸಿದೆ. ಮುಂದೆ ಓದುವ ತಲೆ ಇರಲಿಲ್ಲ. ಜೇವರ್ಗಿಯಲ್ಲಿ ರೇಡಿಯೋ ರಿಪೇರಿ ಮಾಡುವ ಒಬ್ಬ ಉಸ್ತಾದರ ಹತ್ತಿರ ಎರಡು ವರ್ಷ ಇದ್ದು ಕೆಲಸ ಕಲಿತೆ. ಎಂಬತ್ತರ ದಶಕದ ಮೊದಲಲ್ಲಿ ಆಳಂದದ ಬಸ್ ನಿಲ್ದಾಣದ ಹತ್ತಿರ ಒಂದು ಡಬ್ಬಾ ಅಂಗಡಿ ಹಾಕಿದೆ. ಜನ ನನ್ನನ್ನು ರೇಡಿಯೋ ಮಾಸ್ತರ ಎಂದು ಕರೆಯತೊಡಗಿದರು. ಆ ಹೆಸರಿನ ಮೇಲೆ ನನಗೆ ಬಹಳ ಆಸೆ ಇತ್ತು. ಮೂರು ನಾಲ್ಕು ವರ್ಷ ಹಾಗೆಯೇ ಹೋಯಿತು.

ಆಗ ಸಾಹುಕಾರರು ಟ್ರ್ಯಾಕ್ಟರಿಗೆ ಕಟ್ಟುವ ಹೊಸ ಕೂರಿಗೆ ಮಾಡಿಸಿದರು. ಕಬ್ಬಿಣದ ಚೌಕಟ್ಟು, ಹಿಂದೆ ಒಂದು ಹಲಗೆ. ಹಲಗೆಯ ಮೇಲೆ ಮೂವರು ಹೆಂಗಸರು ಕೂತು ಮೂರು ಬಟ್ಟಲಿಗೆ ಕಾಳು ಬಿಡಬೇಕು. ಒಂದೊಂದು ಬಟ್ಟಲಿಗೆ ಒಂದೊಂದು ಕೊಳವೆ, ಒಂದೊಂದು ಸಾಲು. ಮೊದಲ ವರ್ಷವೇ ತೊಂದರೆ ಬಂತು. ಎರೆ ಮಣ್ಣು ಹಸಿ ಇದ್ದಾಗ ಕೊಳವೆಯ ಬಾಯಿಗೆ ಮೆತ್ತಿಕೊಳ್ಳುತ್ತದೆ. ಎತ್ತಿನ ಕೂರಿಗೆಯಾದರೆ ಹಿಂದೆ ನಡೆಯುವವರಿಗೆ ಕಾಣುತ್ತದೆ, ನಿಲ್ಲಿಸಿ ಕಡ್ಡಿ ಹಾಕಿ ತೆಗೆಯುತ್ತಾರೆ. ಟ್ರ್ಯಾಕ್ಟರಿನ ವೇಗದಲ್ಲಿ, ಸಪ್ಪಳದಲ್ಲಿ, ಯಾರಿಗೂ ತಿಳಿಯುವುದಿಲ್ಲ.

ಸಾಹುಕಾರರು ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ದಾರ ಹರಿದರೆ ಯಂತ್ರ ತಾನೇ ನಿಲ್ಲುವುದನ್ನು ನೋಡಿ ಬಂದಿದ್ದರು. ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಕೇಳಿದರು. ಕೊಳವೆಯಲ್ಲಿ ಕಾಳು ಇಳಿಯುತ್ತಿದೆಯೋ ಇಲ್ಲವೋ ಡ್ರೈವರಿಗೆ ಕಾಣುವ ಹಾಗೆ ಏನಾದರೂ ಮಾಡಬಹುದೇ ಎಂದು. ಒಂದು ನಿಮಿಷವೂ ಯೋಚಿಸದೆ ಆಗುತ್ತದೆ ಎಂದೆ. ಅವರು ಎದ್ದು ಹೋದ ಮೇಲೆ ಹೇಗೆ ಎಂದು ಯೋಚಿಸಿದೆ.

ಸೊಲ್ಲಾಪುರಕ್ಕೆ ಹೋಗಿ ಬೆಳಕಿನ ಬಿಲ್ಲೆಗಳನ್ನು ತಂದೆ. ಬೆರಳ ತುದಿಯಷ್ಟು ಅಗಲದ ಬಿಲ್ಲೆ ಅದು. ಬೆಳಕು ಬಿದ್ದರೆ ಕರೆಂಟು ಹರಿಯಲು ಬಿಡುತ್ತದೆ, ಕತ್ತಲಾದರೆ ತಡೆಯುತ್ತದೆ. ಹೊಸ ಕೂರಿಗೆಗೆ ಬಿದಿರಿನ ಬದಲು ಕಬ್ಬಿಣದ ಕೊಳವೆ ಇತ್ತು, ಅದರ ಕೆಳತುದಿಯಿಂದ ಗೇಣುದ್ದ ಮೇಲೆ ಎದುರುಬದುರು ಎರಡು ತೂತು ಕೊರೆಸಿದೆ. ಒಂದರಲ್ಲಿ ಟಾರ್ಚಿನ ಸಣ್ಣ ಬಲ್ಬು, ಇನ್ನೊಂದರಲ್ಲಿ ಬಿಲ್ಲೆ, ಎರಡಕ್ಕೂ ಮುಂದೆ ಗಾಜಿನ ತುಂಡು. ಕಾಳು ಬೀಳುವಾಗ ನಡುವಿನ ಬೆಳಕು ಕಡಿಯುತ್ತದೆ, ಆಗ ಹಸಿರು ದೀಪ. ಎರಡು ಮೂರು ಸೆಕೆಂಡು ಕಾಳು ಬೀಳದಿದ್ದರೆ ಬೆಳಕು ಹಾಗೇ ಬೀಳುತ್ತಿರುತ್ತದೆ, ಆಗ ಕೆಂಪು ದೀಪ. ದೀಪಗಳನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಕೂರಿಸಿ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಬಿಗಿದೆ. ತಂತಿ ಬ್ಯಾಟರಿಗೆ.

ಅಂಗಡಿಯಲ್ಲೇ ಒಂದು ಕೊಳವೆ ನಿಲ್ಲಿಸಿ ತೊಗರಿ ಸುರಿದು ನೋಡಿದೆ. ಸುರಿದರೆ ಹಸಿರು, ನಿಲ್ಲಿಸಿದರೆ ಕೆಂಪು. ಚಹಾದ ಅಂಗಡಿಯವರು, ಕಂಡಕ್ಟರುಗಳು, ಅಡತಿಯ ಹಮಾಲರು ಎಲ್ಲ ಬಂದು ನೋಡಿ ಹೋದರು. ನಾನು ಹಿಗ್ಗಿದೆ. ಎಲ್ಲರೂ ಹೋದ ಮೇಲೆ ಸುಮ್ಮನೆ ಗಾಜಿನ ಮೇಲೆ ಬೆರಳು ಇಟ್ಟೆ.

ಹಸಿರು ದೀಪ ಹತ್ತಿತು. ಬೆರಳು ತೆಗೆಯುವವರೆಗೂ ಉರಿಯುತ್ತಲೇ ಇತ್ತು.

ಆ ಕ್ಷಣವೇ ನನಗೆ ಅರ್ಥವಾಗಿತ್ತು. ನಾನು ಮಾಡಿದ ಈ ಯಂತ್ರದ ಕಣ್ಣಿಗೆ ಕತ್ತಲೆಯೆಂದರೆ ಕಾಳು. ಗಾಜಿಗೆ ಕೆಸರು ಮೆತ್ತಿದರೂ ಅದು ಕಾಳು ಎಂದೇ ಹೇಳುತ್ತದೆ. ಕೊಳವೆಯ ಬಾಯಿ ಕಟ್ಟುವುದೇ ಕೆಸರಿನಿಂದ. ಯಾವ ಹೊತ್ತಿಗೆ ಅದು ಎಚ್ಚರಿಸಬೇಕಿತ್ತೋ ಆ ಹೊತ್ತಿಗೇ ಎಲ್ಲ ಸರಿ ಇದೆ ಎನ್ನುತ್ತದೆ. ಸರಿ ಮಾಡುವ ದಾರಿ ಇತ್ತು. ಬೆಳಕು ಬಿಟ್ಟುಬಿಟ್ಟು ಕಡಿದರೆ ಮಾತ್ರ ಹಸಿರು ಹತ್ತುವ ಹಾಗೆ ಇನ್ನೊಂದು ಸುತ್ತಿನ ಕೆಲಸ ಮಾಡಬೇಕು. ಅದಕ್ಕೆ ಮತ್ತೆ ಸೊಲ್ಲಾಪುರಕ್ಕೆ ಹೋಗಬೇಕು, ನಾಲ್ಕು ದಿನ ಕೂರಬೇಕು. ಹೊರಗೆ ಮೋಡ ಕಟ್ಟಿತ್ತು. ಸಾಹುಕಾರರು ಊರಿಗೆಲ್ಲ ಹೇಳಿ ಆಗಿತ್ತು. ಇನ್ನೂ ಆಗಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಬಿತ್ತನೆ ಒಂದು ದಿನದ್ದು, ಗಾಜು ಒರೆಸಿಕೊಂಡರಾಯಿತು ಎಂದುಕೊಂಡೆ. ಆದರೆ ಗಾಜು ಒರೆಸುತ್ತಿರಬೇಕು ಎಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾರಲ್ಲ.

ಬಿತ್ತನೆಯ ಬೆಳಿಗ್ಗೆ ಆಳಂದ ರಸ್ತೆಯ ಮಗ್ಗುಲಿನ ದೊಡ್ಡ ಹೊಲದಲ್ಲಿ ಜನ ಸೇರಿದ್ದರು. ಕೂರಿಗೆಗೆ ವಿಭೂತಿ ಹಚ್ಚಿ ಕಾಯಿ ಒಡೆದರು. ಚಿಗವ್ವ ಹಸಿರು ಇಳಕಲ್ ಸೀರೆ ಉಟ್ಟು ಬಂದು ಹಲಗೆಯ ಎಡಗಡೆ ಕೂತಳು. ಅವಳ ಜೊತೆ ಇನ್ನಿಬ್ಬರು. ನಡುವೆ ಕೂತವಳು ಅವಳ ಗೆಳತಿ, ಬಾಯಿ ಜೋರು. ನನ್ನ ತಗಡಿನ ಡಬ್ಬಿ ನೋಡಿ ಅವಳು ಸುಮ್ಮನಿರಲಿಲ್ಲ.

"ಮಾಸ್ತರ, ಮೂರು ಕಣ್ಣು ಹಚ್ಚೀರಿ. ಕಾಡಗಿ ಯಾರು ಹಚ್ಚಬೇಕ್ರಿ?"

ಚಿಗವ್ವ ನಕ್ಕು, "ಅಂವಗ ಲಗ್ನ ಮಾಡ್ರಿ, ಕಾಡಗಿ ಹಚ್ಚಾಕಿ ಬರ್ತಾಳ," ಎಂದಳು. ಎಲ್ಲರೂ ನಕ್ಕರು. ಅವಳು ಹಾಗೆ ನಗುವುದನ್ನು ನಾನು ವರ್ಷಕ್ಕೆ ಒಂದೇ ದಿನ ನೋಡುತ್ತಿದ್ದೆ.

ಹಿರಿಯ ಅವ್ವನವರು ಹೂಂ ಎಂದ ಮೇಲೆ ಚಿಗವ್ವ ಮೊದಲ ಹಿಡಿ ಬಿಟ್ಟಳು. ಟ್ರ್ಯಾಕ್ಟರು ಹೊರಟಿತು. ಮೂರು ಹಸಿರು ದೀಪ ಹತ್ತಿದವು. ನಾನು ಮಗ್ಗುಲಲ್ಲೇ ದಾಪುಗಾಲು ಹಾಕುತ್ತಾ ಹೋದೆ. ಒಂದೆರಡು ಸಲ ಯಾರೋ ಉಡಿಗೆ ಕಾಳು ತುಂಬಿಕೊಳ್ಳಲು ಕೈ ನಿಲ್ಲಿಸಿದಾಗ ಕೆಂಪು ಹತ್ತಿತು. ಡ್ರೈವರ್ ನಿಲ್ಲಿಸಿದ. ಜನ ಬಾಯಿ ತೆರೆದು ನೋಡಿದರು. ಸಾಹುಕಾರರು ಬದುವಿನ ಮೇಲೆ ನಿಂತು ತಲೆದೂಗಿದರು. ಜೇವರ್ಗಿ ಕಡೆಯ ಅವರ ಬೀಗರೊಬ್ಬರು ಬಂದಿದ್ದರು, ನಮಗೂ ಒಂದು ಮಾಡಿಕೊಡಬೇಕು ಎಂದು ಅಲ್ಲೇ ಹೇಳಿದರು.

ಬಿಸಿಲು ಏರುವ ಹೊತ್ತಿಗೆ ಹೊಲದ ತಗ್ಗಿನ ಭಾಗಕ್ಕೆ ಬಂದೆವು. ಅಲ್ಲಿ ಮಣ್ಣು ಇನ್ನೂ ಹಸಿ. ಅಲ್ಲಿಯ ಮೊದಲ ಸುತ್ತಿನಲ್ಲೇ ಚಿಗವ್ವ ಎಡಗೈ ಎತ್ತಿ ನನ್ನ ಕಡೆ ಬೀಸಿದಳು. ಸಪ್ಪಳದಲ್ಲಿ ಕೇಳಿಸಲಿಲ್ಲ, ಹತ್ತಿರ ಹೋದೆ.

"ತಮ್ಮಾ, ಕೊಳವಿ ತುಂಬಾಕತ್ತದ. ಕಾಳು ಕೆಳಗ ಇಳೀವಲ್ವು. ನಿಲ್ಲಸು."

ನಾನು ಡಬ್ಬಿಯ ಕಡೆ ನೋಡಿದೆ. ಮೂರೂ ಹಸಿರು. ಎಡಗಡೆಯದು ಮಾತ್ರ ಮಿಣುಕುತ್ತಿರಲಿಲ್ಲ. ಉಳಿದ ಎರಡು ಕಾಳಿನ ಜೊತೆ ಸಣ್ಣಗೆ ನಡುಗುತ್ತಿದ್ದವು, ಇದು ಅಲುಗದೆ ಉರಿಯುತ್ತಿತ್ತು. ಗಾಜಿನ ಮೇಲೆ ಬೆರಳು ಇಟ್ಟಾಗ ಉರಿದ ಹಾಗೆಯೇ. ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದು ಸುಳ್ಳು.

ನಿಲ್ಲಿಸಿದರೆ ಕೊಳವೆ ಕಟ್ಟಿದ್ದು ಕಾಣುತ್ತದೆ. ಕೊಳವೆ ಕಟ್ಟಿದ್ದರೂ ಹಸಿರು ಹತ್ತಿದ್ದು ಕಾಣುತ್ತದೆ. ಬದುವಿನ ಮೇಲೆ ಸಾಹುಕಾರರು, ಬೀಗರು, ಊರು. ನಾನು ಹೇಳಿದ್ದು ಇಷ್ಟು:

"ಲೈಟ್ ಹತ್ತ್ಯಾದ ಚಿಗವ್ವಾ. ಇಳೀಲಾಕತ್ತಾವ. ನೀ ಬಿಡು."

ಅವಳು ಇನ್ನೊಮ್ಮೆ ಕೊಳವೆ ಮುಟ್ಟಿದಳು. ನನ್ನ ಮುಖ ನೋಡಿದಳು. ಬಿಡುತ್ತಾ ಹೋದಳು.

ಮುಂದಿನ ತಿರುವಿನಲ್ಲಿ ಗಾಜು ಒರೆಸಬೇಕು ಎಂದುಕೊಂಡೆ. ತಿರುವಿನಲ್ಲಿ ಬೀಗರು ಮಾತಿಗೆ ನಿಲ್ಲಿಸಿಕೊಂಡರು. ಅದರ ಮುಂದಿನ ತಿರುವಿನಲ್ಲೂ ಆಗಲಿಲ್ಲ. ಐದನೇ ಸುತ್ತು ಮುಗಿಸಿ ಡ್ರೈವರ್ ಕೂರಿಗೆ ಎತ್ತಿ ತಿರುಗಿಸುವಾಗ ಜೋರಾಗಿ ಕುಲುಕಿತು. ಕೆಸರಿನ ಬಿರಡೆ ಉದುರಿ, ಕೊಳವೆಯೊಳಗೆ ಕಟ್ಟಿಕೊಂಡಿದ್ದ ಕಾಳೆಲ್ಲ ಒಂದೇ ಕಡೆ ಸುರಿಯಿತು. ಚಕ್ರ ಅದರ ಮೇಲೆ ಮಣ್ಣು ಎಳೆದುಕೊಂಡು ಹೋಯಿತು. ಹಲಗೆಯ ಮೇಲಿದ್ದವರಿಗೆ ಕಾಣಲಿಲ್ಲ, ನನಗೆ ಕಂಡಿತು. ಹಸಿರು ದೀಪ ಮತ್ತೆ ಮಿಣುಕತೊಡಗಿತು. ನಾನು ಉಸಿರು ಬಿಟ್ಟೆ.

ಅಲ್ಲಿಂದ ಆರು ದಿನ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಅಂಗಡಿಯಲ್ಲಿ ಒಂದು ರೇಡಿಯೋ ಬಿಚ್ಚಿದರೆ ಮುಚ್ಚುತ್ತಿರಲಿಲ್ಲ. ಬಸ್ ನಿಲ್ದಾಣಕ್ಕೆ ಹೋಗಿ ಕಿಣ್ಣಿ ಸುಲ್ತಾನದ ಕಡೆಯಿಂದ ಬಂದವರನ್ನು ಮಳೆ ಹೇಗಿದೆ ಎಂದು ಕೇಳುತ್ತಿದ್ದೆ. ತೊಗರಿ ಹುಟ್ಟಿದೆಯೇ ಎಂದು ಕೇಳುವ ಧೈರ್ಯ ಇರಲಿಲ್ಲ. ದಿನಾ ಮಳೆ. ಎರೆ ಹೊಲದೊಳಗೆ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವಂಥ ಮಳೆ. ಹಾಗಾಗಿ ಯಾರೂ ಒಳಗೆ ಹೋಗಿ ನೋಡುವ ಹಾಗಿರಲಿಲ್ಲ. ನಾನು ಹೋದೆ.

ಏಳನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ರಸ್ತೆಯ ಮೇಲೆ ಇಳಿದೆ. ದೂರದಿಂದಲೇ ಕಾಣುತ್ತಿತ್ತು. ಹೊಲವೆಲ್ಲ ಹಸಿರು ಗೆರೆ. ತಗ್ಗಿನ ಭಾಗದಲ್ಲಿ ಮಾತ್ರ ಎರಡು ಗೆರೆಗೊಂದು ಗೆರೆ ಬೋಳು. ಒಂದಲ್ಲ, ಐದು ಸಾಲು, ಈ ತುದಿಯಿಂದ ಆ ತುದಿಗೆ. ಬದುವಿನ ಹತ್ತಿರ, ಟ್ರ್ಯಾಕ್ಟರು ತಿರುಗಿದ ಜಾಗದಲ್ಲಿ, ತೊಗರಿ ಸಸಿಗಳ ಒಂದು ದೊಡ್ಡ ಗುಂಪು. ಒಂದರ ಮೈಮೇಲೆ ಒಂದು ಬಿದ್ದು ಹುಟ್ಟಿದ್ದವು. ಐದು ಸಾಲಿನ ಕಾಳು ಅಲ್ಲಿತ್ತು. ನೋಡಿದ ಯಾರಿಗಾದರೂ ಕೊಳವೆ ಕಟ್ಟಿತ್ತು ಎಂದು ತಿಳಿಯುತ್ತಿತ್ತು.

ನಾನು ಚಪ್ಪಲಿ ಬದುವಿನ ಮೇಲೆ ಬಿಟ್ಟು ಒಳಗಿಳಿದೆ. ಆ ಸಸಿಗಳನ್ನು ಬೇರು ಸಮೇತ ಕಿತ್ತೆ. ಹಸಿ ಮಣ್ಣು, ಸುಲಭವಾಗಿ ಬಂದವು. ಧೋತರದಲ್ಲಿ ಕಟ್ಟಿಕೊಂಡು ಹಳ್ಳಕ್ಕೆ ಹಾಕಿದೆ. ನೀರು ಒಯ್ದಿತು. ಕಿತ್ತ ಜಾಗವನ್ನು ಕಾಲಿನಿಂದ ಸವರಿ ಸಮ ಮಾಡಿದೆ.

ಜೀವನದಲ್ಲಿ ಬೇರೆ ತಪ್ಪುಗಳನ್ನೂ ಮಾಡಿದ್ದೇನೆ. ಕೈಯಾರೆ ಇಷ್ಟು ಶಾಂತವಾಗಿ ಮಾಡಿದ್ದು ಇದೊಂದೇ.

ಅವತ್ತೇ ಮಧ್ಯಾಹ್ನ, ನಾನಿನ್ನೂ ಊರಿನಲ್ಲಿದ್ದಾಗಲೇ, ಸಾಹುಕಾರರ ಅಂಗಳಕ್ಕೆ ಕರೆ ಬಂತು. ಚಿಗವ್ವ, ಅವಳ ಗೆಳತಿ, ಡ್ರೈವರ್, ಇನ್ನೂ ಕೆಲವರು ಇದ್ದರು. ಹಿರಿಯ ಅವ್ವನವರು ಪಡಸಾಲೆಯಲ್ಲಿ ಕೂತಿದ್ದರು. ಬೋಳು ಸಾಲು ರಸ್ತೆಗೆ ಕಾಣುತ್ತದೆ, ಬಸ್ಸಿನಲ್ಲಿ ಹೋಗುವವರೆಲ್ಲ ನೋಡುತ್ತಾರೆ ಎಂದು ಸಾಹುಕಾರರಿಗೆ ಸಂಕಟವಾಗಿತ್ತು. ಕೊಳವೆ ಕಟ್ಟಿತ್ತೇ ಎಂದು ಡ್ರೈವರನ್ನು ಕೇಳಿದರು. ತಗ್ಗಿನಲ್ಲಿ ಒಮ್ಮೆಯೂ ಕೆಂಪು ಹತ್ತಲಿಲ್ಲ, ಹಸಿರೇ ಇತ್ತು, ನನ್ನ ಕಣ್ಣಾರೆ ನೋಡಿದ್ದೇನೆ ಎಂದ. ಅವನು ಸುಳ್ಳು ಹೇಳಲಿಲ್ಲ. ನಾನು ಅವತ್ತೇ ಹೇಳಿದ್ದೆನಲ್ಲ, ಕೊಳವೆ ತುಂಬಿದ ಹಾಗೆ ಇತ್ತು ಎಂದಳು ಚಿಗವ್ವ. ಎಲ್ಲರೂ ನನ್ನ ಕಡೆ ತಿರುಗಿದರು.

"ಏನಪಾ ಮಾಸ್ತರ, ನಿನ್ನ ಕಣ್ಣು ಏನಂತದ?" ಎಂದರು ಸಾಹುಕಾರರು.

"ಕಣ್ಣು ಬರೋಬರಿ ಅದರಿ. ಕಾಳು ಬಿದ್ದಾವ್ರಿ."

ಇದರ ಅರ್ಥ ಏನಾಗುತ್ತದೆ ಎಂದು ನನಗೆ ಆಗ ಹೊಳೆದಿರಲಿಲ್ಲ. ಕೊಳವೆಯ ಮೇಲೂ ತಪ್ಪಿಲ್ಲ, ಯಾರ ಮೇಲೂ ತಪ್ಪಿಲ್ಲ, ಮಳೆಯ ಮೇಲೆ ಹೋಗಿಬಿಡಲಿ ಎಂದುಕೊಂಡಿದ್ದೆ. ಆದರೆ ಅಂಗಳದಲ್ಲಿ ಇದ್ದವರು ಬೇರೆ ಲೆಕ್ಕ ಹಾಕಿದರು. ಮೂವರೂ ಒಂದೇ ಚೀಲದ ಬೀಜ ಬಿಟ್ಟಿದ್ದಾರೆ. ಮೂರೂ ಕೊಳವೆಯಲ್ಲಿ ಕಾಳು ಬಿದ್ದಿದೆ, ಯಂತ್ರವೇ ಸಾಕ್ಷಿ. ಅದೇ ತಗ್ಗಿನಲ್ಲಿ ಇಬ್ಬರ ಕೈಯಿಂದ ಬಿದ್ದದ್ದು ಹುಟ್ಟಿದೆ, ಒಬ್ಬಳ ಕೈಯಿಂದ ಬಿದ್ದದ್ದು ಹುಟ್ಟಿಲ್ಲ.

ಪಡಸಾಲೆಯಿಂದ ಹಿರಿಯ ಅವ್ವನವರ ದನಿ ಬಂತು. ಜೋರಾಗಿರಲಿಲ್ಲ. "ನಂದ ತಪ್ಪಾತು. ಮುಂಡಿ ಕೈಯಾಗ ಬೀಜ ಕೊಟ್ಟೆ. ಭೂಮಿ ಎಷ್ಟ ದಿನ ತಡದೀತು?"

ಚಿಗವ್ವ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬಾಯಿ ಜೋರಿನ ಗೆಳತಿ ಕೂಡ ನೆಲ ನೋಡುತ್ತಾ ನಿಂತಳು. ನಾನು ಅವರಿಗಿಂತ ಚಿಗವ್ವನಿಗೆ ಹತ್ತಿರ ನಿಂತಿದ್ದೆ. ಹಳ್ಳಕ್ಕೆ ಸಸಿ ಹಾಕಿ ಬಂದು ಇನ್ನೂ ನಾಲ್ಕು ತಾಸು ಆಗಿರಲಿಲ್ಲ, ಉಗುರಿನ ಸಂದಿಯಲ್ಲಿ ಎರೆ ಮಣ್ಣು ಇತ್ತು. ನಾನೂ ಕೈ ಹಿಂದೆ ಕಟ್ಟಿಕೊಂಡೆ.

ಮರುವರ್ಷ ಮೊದಲ ಹಿಡಿ ಅವಳ ಗೆಳತಿ ಬಿಟ್ಟಳು. ಚಿಗವ್ವನನ್ನು ಯಾವ ಮನೆಯವರೂ ಕರೆಯಲಿಲ್ಲ. ಕಳೆ ತೆಗೆಯಲು, ರಾಶಿ ಮಾಡಲು ಕರೆದರು. ಬೀಜ ಮುಟ್ಟಲು ಮಾತ್ರ ಕರೆಯಲಿಲ್ಲ. ಅವಳು ಜಗಳಕ್ಕೆ ಹೋಗಲಿಲ್ಲ, ಯಾರ ಮುಂದೆಯೂ ಅಳಲಿಲ್ಲ. ನನ್ನ ಮೇಲೆ ಬೇಸರವನ್ನೂ ತೋರಿಸಲಿಲ್ಲ. ನಾನು ಊರಿಗೆ ಹೋದರೆ ರೊಟ್ಟಿ ಬಡಿದು ಹಾಕುತ್ತಿದ್ದಳು, ಅಂಗಡಿ ಹೇಗೆ ನಡೆದಿದೆ ಎಂದು ಕೇಳುತ್ತಿದ್ದಳು. ನಾನು ಊಟ ಅರ್ಧಕ್ಕೆ ಬಿಟ್ಟು ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಿಡುತ್ತಿದ್ದೆ. ಬರಬರುತ್ತಾ ಹೋಗುವುದನ್ನೇ ಕಡಿಮೆ ಮಾಡಿದೆ.

ಅದೇ ವರ್ಷ ಜೇವರ್ಗಿಯ ಆ ಬೀಗರಿಗೆ ಕಣ್ಣು ಮಾಡಿಕೊಟ್ಟೆ. ಈ ಸಲ ಸರಿಯಾಗಿ ಮಾಡಿದೆ. ಬೆಳಕು ಕಡಿದು ಕಡಿದು ಬಂದರೆ ಮಾತ್ರ ಹಸಿರು. ಕೆಸರು ಮೆತ್ತಿ ಕತ್ತಲೆಯಾದರೆ ಕೆಂಪು. ಅಲ್ಲಿಯ ಹೊಲದಲ್ಲಿ ಎರಡು ಸಲ ಕೊಳವೆ ಕಟ್ಟಿತು, ಎರಡೂ ಸಲ ಕೆಂಪು ಹತ್ತಿತು. ನನ್ನ ಉಸ್ತಾದರು ನೋಡಲು ಬಂದು ಬೆನ್ನು ತಟ್ಟಿದರು. ಮೊದಲಿನದಕ್ಕೂ ಇದಕ್ಕೂ ಏನು ಫರಕು ಮಾಡಿದೆ ಎಂದು ಕೇಳಿದರು. ಸ್ವಲ್ಪ ಸುಧಾರಿಸಿದ್ದೇನೆ ಎಂದೆ. ಜೇವರ್ಗಿಯಲ್ಲಿ ಆ ತಪ್ಪು ತಿದ್ದಿದ ದಿನ ಕಿಣ್ಣಿ ಸುಲ್ತಾನಕ್ಕೆ ಹೋಗಿ ಅದನ್ನು ಹೇಳಬಹುದಿತ್ತು. ಬಸ್ಸಿನಲ್ಲಿ ಕೂತೆ ಕೂಡ. ಗುಲಬರ್ಗಾದಲ್ಲಿ ಇಳಿದು ಆಳಂದದ ಬಸ್ಸು ಹತ್ತಿದೆ. ಊರಿನ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡು ಆಳಂದಕ್ಕೇ ಬಂದುಬಿಟ್ಟೆ.

ನನಗೆ ಮದುವೆಯಾಯಿತು. ಟಿವಿಗಳು ಬಂದವು, ಅಂಗಡಿ ದೊಡ್ಡದಾಯಿತು. ಆದರೆ ಪ್ರತಿ ವರ್ಷ ಮಿರಗ ಹತ್ತಿರ ಬಂದರೆ ಮೈಯೆಲ್ಲ ಮುಳ್ಳು. ಒಂದು ಕಡೆ ನಿಂತು ಕೆಲಸ ಮಾಡಲಾಗದು. ಹೆಂಡತಿ ಕೇಳಿದರೆ ಸೆಖೆ ಎನ್ನುತ್ತಿದ್ದೆ. ಈ ನಡುವೆ ಚಿಗವ್ವ ಕಿಣ್ಣಿ ಸುಲ್ತಾನ ಬಿಟ್ಟು ಅಫಜಲಪುರ ತಾಲ್ಲೂಕಿನ ಗೊಬ್ಬೂರಿಗೆ, ಮಗಳ ಮನೆಗೆ ಹೋದಳು. ನನಗೆ ಸ್ವಲ್ಪ ಹಗುರಾಯಿತು ಎಂದು ಅನ್ನಿಸಿದ್ದನ್ನು ಕೂಡ ಬರೆಯಬೇಕು.

ಹನ್ನೆರಡು ವರ್ಷಗಳ ಮೇಲೆ ಒಂದು ಬೇಸಿಗೆ, ಅವಳಿಗೆ ಮೈ ನೆಟ್ಟಗಿಲ್ಲ ಎಂದು ಸುದ್ದಿ ಬಂದು ಗೊಬ್ಬೂರಿಗೆ ಹೋದೆ. ಹೋಗಿ ನೋಡಿದರೆ ಜ್ವರ ಇಳಿದಿತ್ತು, ಅಂಗಳದ ಬೇವಿನ ಮರದ ಕೆಳಗೆ ಕೂತಿದ್ದಳು. ಮಗಳು, ಅಳಿಯ ಹೊಲಕ್ಕೆ ಹೋಗಿದ್ದರು. ಆ ಮಾತು ಈ ಮಾತು ಆದ ಮೇಲೆ ಅವಳೇ ಆ ವಿಷಯ ತೆಗೆದಳು. ಅಳಿಯನ ಹೊಲದಲ್ಲಿಯೂ ತಾನು ಬೀಜ ಮುಟ್ಟುವುದಿಲ್ಲವಂತೆ. ಮಗಳು ಕೊಟ್ಟರೂ ಒಲ್ಲೆ ಎನ್ನುತ್ತಾಳಂತೆ. "ನನ್ನ ಕೈಯಾಗ ಏನೋ ಅದಪಾ. ಅವತ್ತ ಕಾಳು ಬಿದ್ದಾವ ಅಂತ ನೀನ ಅಂದಿ. ನೀ ನನ್ನ ಮುಂದ ಸುಳ್ಳ ಹೇಳಂಗಿಲ್ಲ."

ಅಲ್ಲಿಯವರೆಗೆ ನಾನು ತಿಳಿದುಕೊಂಡಿದ್ದೇ ಬೇರೆ. ಊರು ಅವಳನ್ನು ಬಿಟ್ಟಿತು, ಅವಳು ಒಳಗೊಳಗೆ ಊರನ್ನು ಬೈದುಕೊಂಡಿದ್ದಾಳೆ ಎಂದುಕೊಂಡಿದ್ದೆ. ಅವಳು ನನ್ನ ಮಾತು ನಂಬಿ ತನ್ನ ಕೈಯನ್ನೇ ಬಿಟ್ಟುಬಿಟ್ಟಿದ್ದಳು.

ಹೇಳಿದೆ. ಬೆರಳು ಇಟ್ಟರೆ ಹಸಿರು ಹತ್ತಿದ್ದು, ಅಲುಗದೆ ಉರಿದ ದೀಪ, ಬದುವಿನ ಹತ್ತಿರ ಹುಟ್ಟಿದ ಸಸಿಗಳು, ಹಳ್ಳ. ನಿಂತು, ಅಂಗಳದಲ್ಲಿ ಆ ಕಡೆ ಈ ಕಡೆ ಓಡಾಡುತ್ತಾ ಹೇಳಿದೆ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು. "ಹಂಗಾರ ಕೊಳವಿ ತುಂಬಿತ್ತು?"

"ತುಂಬಿತ್ತು ಚಿಗವ್ವಾ."

"ನನ್ನ ಅಂಗೈಗೆ ತಿಳದಿದ್ದು ಖರೇ ಇತ್ತು."

"ಖರೇ ಇತ್ತು."

ನಾನು ಕಾಲಿಗೆ ಬೀಳಲು ಹೋದೆ. ಕಾಲು ಹಿಂದಕ್ಕೆ ಎಳೆದುಕೊಂಡಳು.

"ನನ್ನ ಕಾಲ ಹಿಡದ್ರ ಏನು ಬಂತು? ಅಂಗಳದಾಗ ಹೇಳಿದ್ದಿ. ಆ ಅಂಗಳಕ್ಕ ಹೋಗಿ ಹೇಳು. ಹೇಳಿ ಬರೂತನ ನನ್ನ ಮಾರಿ ತೋರಿಸಬ್ಯಾಡ."

ಅವತ್ತು ಅವಳ ಮನೆಯಲ್ಲಿ ನೀರೂ ಕುಡಿಯಲಿಲ್ಲ. ಅವಳು ಕೊಡಲಿಲ್ಲ.

ಸುಮಾರು ಒಂದು ತಿಂಗಳು ನಾನು ಹೋಗಲಿಲ್ಲ. ಇವತ್ತು ಹೋಗುತ್ತೇನೆ ಎಂದು ಅಂಗಿ ಹಾಕಿಕೊಂಡು ಅಂಗಡಿಯಲ್ಲೇ ಕೂತ ದಿನಗಳು ಅದೆಷ್ಟೋ. ಕೊನೆಗೆ ಒಂದು ದಿನ ಹೆಂಡತಿಗೆ ಎಲ್ಲ ಹೇಳಿದೆ. ಅವಳು ನನ್ನ ಜೊತೆ ಬಸ್ ನಿಲ್ದಾಣಕ್ಕೆ ಬಂದು, ಬಸ್ಸು ಹೊರಡುವವರೆಗೂ ನಿಂತಿದ್ದಳು.

ಹಿರಿಯ ಅವ್ವನವರು ತೀರಿಕೊಂಡಿದ್ದರು. ಸಾಹುಕಾರರ ಕೂದಲು ಬೆಳ್ಳಗಾಗಿತ್ತು. ಅಂಗಳದಲ್ಲಿ ಬೀಜ ಹಸನು ಮಾಡುವ ಹೆಂಗಸರು ನಾಲ್ಕೈದು ಜನ ಇದ್ದರು, ಚಿಗವ್ವನ ಗೆಳತಿಯೂ ಇದ್ದಳು. ಅವರೆಲ್ಲರಿಗೂ ಕೇಳುವ ಹಾಗೆ ಹೇಳಿದೆ. ಸಸಿ ಕಿತ್ತ ಮಾತಿಗೆ ಬಂದಾಗ ಮೊರದ ಸಪ್ಪಳ ನಿಂತಿತು. ಸಾಹುಕಾರರು ಬೈಯುತ್ತಾರೆ, ಹೊಡೆಯಲೂಬಹುದು ಎಂದು ಸಿದ್ಧನಾಗಿಯೇ ಹೋಗಿದ್ದೆ. ಅವರು ನನ್ನನ್ನು ನೋಡುತ್ತಾ ನಿಧಾನಕ್ಕೆ ಹೇಳಿದರು:

"ಅವತ್ತ ಹೇಳಿದ್ರ ಆ ಡಬ್ಬಿ ಕಿತ್ತು ಒಗೀತಿದ್ದೆ, ಅಷ್ಟ. ನಿನಗೇನ ಮಾಡ್ತಿದ್ನೋ ಹುಚ್ಚಾ?"

ಅದಕ್ಕಿಂತ ಏಟು ತಿನ್ನುವುದು ಸುಲಭವಿತ್ತು. ನಾನು ಹೆದರಿದ್ದು ಅಷ್ಟಕ್ಕೇ. ಅಷ್ಟನ್ನು ಉಳಿಸಿಕೊಳ್ಳಲು ಹನ್ನೆರಡು ವರ್ಷ ಕಳೆದಿದ್ದೆ.

ಚಿಗವ್ವನ ಗೆಳತಿ ಮೊರ ಕೆಳಗಿಟ್ಟು ಎದ್ದಳು. ಇಷ್ಟು ವರ್ಷ ಅವಳ ಜಾಗದಲ್ಲಿ ಕೂತೆನಲ್ಲ, ನನಗೆ ಏನು ಪಾಪ ಹತ್ತಿತೋ ಎಂದು ಕಣ್ಣು ಒರೆಸಿಕೊಂಡಳು. ಸಾಹುಕಾರರು ಅವಳ ಕಡೆ ನೋಡಿ, ಆಮೇಲೆ ನನಗೆ ಹೇಳಿದರು. ಈ ಸಲ ಮೊದಲ ಹಿಡಿ ಅವಳದೇ, ಜೀಪು ಕಳಿಸುತ್ತೇನೆ, ಹೋಗಿ ಕರೆದುಕೊಂಡು ಬಾ ಎಂದು. ಹೊಲಕ್ಕೆ ಯಾವ ಕೂರಿಗೆ ಬಂದಿದ್ದರೂ ಸರಿ, ಎತ್ತು ಕಟ್ಟಿಸಿ ಒಂದು ಸಾಲಾದರೂ ಅವಳ ಕೈಯಿಂದ ಬಿತ್ತಿಸುತ್ತೇನೆ ಎಂದರು.

ಗೊಬ್ಬೂರಿಗೆ ಹೋಗುವಾಗ ದಾರಿಯುದ್ದಕ್ಕೂ ಸಣ್ಣವನ ಹಾಗೆ ಕಿಟಕಿಯ ಹೊರಗೆ ನೋಡುತ್ತಾ ಹೋದೆ. ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದೆ. ಚಿಗವ್ವ ಅಂಗಳದಲ್ಲೇ ಇದ್ದಳು. ಯಾರು ಯಾರು ಇದ್ದರು, ಎಷ್ಟು ಜನ, ಗೆಳತಿ ಏನೆಂದಳು, ಒಂದೊಂದಾಗಿ ಕೇಳಿದಳು. ಎಲ್ಲ ಹೇಳಿದೆ. ಈ ಸಲ ನೀರು ಕೊಟ್ಟಳು. ಆಮೇಲೆ ಸಾಹುಕಾರರ ಕರೆ ತಿಳಿಸಿದೆ. ಅವಳ ಮುಖ ಅರಳಿತು. ಅರಳಿದ್ದನ್ನು ನಾನು ನೋಡಿದ್ದೇನೆ.

ಏಳಲು ಹೋದವಳು ಮತ್ತೆ ಕೂತಳು. ಬಲಗೈ ಮುಂದೆ ಚಾಚಿ ಹಿಡಿದಳು. ಬೆರಳುಗಳು ಅದುರುತ್ತಿದ್ದವು. ಇನ್ನೊಂದು ಕೈಯಿಂದ ಹಿಡಿದುಕೊಂಡರೂ ನಿಲ್ಲಲಿಲ್ಲ. ಲೋಟ ಕೊಡುವಾಗ ನೀರು ತುಳುಕಿದ್ದನ್ನು ನಾನು ಜ್ವರದ ನಿಶ್ಶಕ್ತಿ ಎಂದುಕೊಂಡಿದ್ದೆ.

"ಎರಡು ವರ್ಷಾತು ಹಿಂಗ. ಈಗ ಬಿತ್ತಿದ್ರ ಖರೇನ ಸಾಲು ಹರೀತಾವ. ಹರದ್ರ ಮಂದಿ ಏನಂತಾರ? ಮಾಸ್ತರ ಅಕಿ ಸಂಬಂಧ ಸುಳ್ಳ ಹೇಳ್ಯಾನ, ಮದಲಿಂದ ಕೈ ಹಂಗ ಇತ್ತು ಅಂತಾರ."

ಒಂದೇ ಒಂದು ಹಿಡಿ, ಸುಮ್ಮನೆ ಹೆಸರಿಗೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. ಹೆಸರಿಗೆ ಹಿಡಿ ಬಿಡುವವರು ಬಹಳ ಜನ ಇದ್ದಾರೆ ಎಂದಳು. ಆಮೇಲೆ, "ಕೈ ನಡಗ್ತಾವ ಅಂತ ಅಲ್ಲಿ ಹೇಳಬ್ಯಾಡ. ಒಲ್ಲೆ ಅಂದಾಳ ಅಂತ ಹೇಳು," ಎಂದಳು.

ಕಿಣ್ಣಿ ಸುಲ್ತಾನಕ್ಕೆ ಹೋಗಿ ಹಾಗೆಯೇ ಹೇಳಿದೆ. ಸಿಟ್ಟು ಇರಬೇಕು, ಇರಲಿ, ನ್ಯಾಯವೇ ಇದೆ ಎಂದರು ಸಾಹುಕಾರರು. ಆಮೇಲೆ ಊರಿನಲ್ಲಿ, ಸಾಹುಕಾರರು ಜೀಪು ಕಳಿಸುತ್ತೇನೆ ಎಂದರೂ ಬರಲಿಲ್ಲವಂತೆ, ಎಂಥ ಕೈ, ಎಂಥ ಹೆಂಗಸು ಎಂದು ಮೆಚ್ಚಿ ಮಾತಾಡಿಕೊಂಡರು. ಅದನ್ನು ಗೊಬ್ಬೂರಿಗೆ ಹೋಗಿ ಅವಳಿಗೆ ತಿಳಿಸಿದೆ. ಕೇಳಿ ನಕ್ಕಳು. ಅವಳು ಇದ್ದಷ್ಟು ಕಾಲ ನಾನು ಕೈ ನಡುಗುವ ಮಾತನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಈಗ ಅವಳಿಲ್ಲ, ಸಾಹುಕಾರರೂ ಇಲ್ಲ. ಅವಳ ಕೈ ನಡುಗುತ್ತಿತ್ತು ಎಂಬುದನ್ನು ಇಲ್ಲಿ ಬರೆಯುವುದೋ ಬೇಡವೋ ಎಂದು ಎರಡು ಸಲ ಆ ಸಾಲು ಹೊಡೆದುಹಾಕಿದೆ. ಬಿಟ್ಟರೆ ನಾನು ಮಾಡಿದ್ದು ತಡವಾಗಿಯಾದರೂ ಸರಿಹೋಯಿತು ಎಂದು ಓದಿದವರು ತಿಳಿಯುತ್ತಾರೆ. ಬರೆದರೆ ಅವಳು ಮುಚ್ಚಿಡು ಎಂದದ್ದನ್ನು ಬಯಲು ಮಾಡಿದ ಹಾಗೆ. ಅವಳ ಹೆಸರು ಬರೆದಿಲ್ಲ. ಅಷ್ಟು ಸಾಕೋ ಸಾಲದೋ ನನಗೆ ತಿಳಿಯದು.